ಸದ್ದಿಲ್ಲದ ಮೋಟಾರು

ಮಾರ್ಚ್ 4, ಮಂಗಳವಾರ

ಕ್ಲಿನಿಕ್‌ನಲ್ಲಿ ಉಸಿರಾಡಲು ಬಿಡುವಿಲ್ಲ. ಇಡೀ ದಿನ ಅದೇ — ಹೆಡ್‌ಫೋನ್ ತೊಡಿಸುವುದು, ಬೀಪ್ ಕೇಳಿಸಿದಾಗ ಕೈ ಎತ್ತಿ ಎನ್ನುವುದು. ಒಬ್ಬ ಅಜ್ಜ ಬೀಪ್ ಬರದಿದ್ದರೂ ಕೈ ಎತ್ತುತ್ತಿದ್ದರು. ಹೇಗಾದರೂ ಪಾಸಾಗುವ ಆಸೆ.

ಮನೆಗೆ ಬಂದರೆ ಅಪ್ಪ ಊಟದ ಮೇಜಿನ ತುಂಬ ಬಣ್ಣದ ಪುಸ್ತಿಕೆ ಹರಡಿಕೊಂಡು ಕೂತಿದ್ದಾರೆ. ಹಾಯಿದೋಣಿಗೆ ಮೋಟಾರು ಹಾಕಿಸುತ್ತಾರಂತೆ. ಹಿಂಬದಿಯ ಹಲಗೆಗೆ ತಗುಲಿಸುವಂಥದ್ದು.

ಮೋಟಾರು. ಅಪ್ಪ. ಗಾಳಿ ಇದ್ದರೆ ಹೊರಡು, ಇಲ್ಲದಿದ್ದರೆ ಮಲಗು ಎಂದು ಬದುಕಿಡೀ ಹೇಳಿಕೊಂಡು ಬಂದವರು. ಹಾಯಿದೋಣಿಗೆ ಮೋಟಾರು ಕಟ್ಟುವುದೆಂದರೆ ಕುದುರೆಗೆ ಊರುಗೋಲು ಕೊಟ್ಟ ಹಾಗೆ ಎನ್ನುತ್ತಿದ್ದವರು.

ಯಾಕೆ ಎಂದೆ. ವಯಸ್ಸಾಯಿತಲ್ಲ ಎಂದರು.

ಮೆಟ್ಟಿಲಿಗೆ ಕಂಬಿ ಹಾಕಿಸೋಣ ಎಂದಾಗ ಆಗದ ವಯಸ್ಸು ಈಗ ಆಗಿದೆ. ಅಲ್ಲೇ ನನ್ನ ತಲೆಗೆ ಅನುಮಾನದ ಹುಳ ಹೊಕ್ಕಿತು.

ಮಾರ್ಚ್ 7, ಶುಕ್ರವಾರ

ಆಯ್ಕೆ ಎರಡಕ್ಕೆ ಇಳಿದಿದೆ. ಒಂದು ಪೆಟ್ರೋಲಿನದು — ಭಾರ, ಸದ್ದು, ಆದರೆ ಟ್ಯಾಂಕ್ ತುಂಬಿಸಿದರೆ ಕೊಲ್ಲಿ ದಾಟಿ ವಾಪಸ್ ಬರಬಹುದು. ಇನ್ನೊಂದು ಬ್ಯಾಟರಿಯದು — ಹಗುರ, ಸದ್ದೇ ಇಲ್ಲ, ಎಷ್ಟು ದೂರ ಹೋಗುತ್ತದೆ ಎನ್ನುವುದು ಮಾತ್ರ ದೇವರಿಗೆ ಗೊತ್ತು.

ಅಪ್ಪನಿಗೆ ಬ್ಯಾಟರಿಯದೇ ಬೇಕು. 'ಸದ್ದಿರಬಾರದು' ಎಂದು ಮೂರು ಸಲ ಹೇಳಿದರು.

ಟಿವಿ ನೋಡುವಾಗ ಕಿವಿ ಮಷಿನ್ ತೆಗೆದು ಜೇಬಿಗೆ ಹಾಕಿಕೊಳ್ಳುವ ಮನುಷ್ಯ ಇವರು. ಆ ಮಷಿನ್ ಕೂರಿಸಿದವಳೇ ನಾನು. ಮೋಟಾರು ಗುಡುಗಿದರೂ ಅವರಿಗೆ ಗುಂಯ್ ಎಂದಷ್ಟೇ ಕೇಳಿಸುತ್ತದೆ. ಹಾಗಾದರೆ ಯಾರ ಕಿವಿಗೆ ಬೀಳಬಾರದು ಆ ಸದ್ದು?

ದೋಣಿ ಕಟ್ಟುವ ಕಟ್ಟೆ ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೇ ಇದೆ. ಆ ಕಿಟಕಿಯ ಹತ್ತಿರ ನಿಲ್ಲುವವಳು ನಾನೊಬ್ಬಳೇ.

ಮಾರ್ಚ್ 8, ಶನಿವಾರ

ಇಬ್ಬರೂ ಮೋಟಾರು ಅಂಗಡಿಗೆ ಹೋಗಿದ್ದೆವು. ಅಂಗಡಿ ನಡೆಸುವವಳು ಗಟ್ಟಿಗಿತ್ತಿ, ಒಂದು ಕೈಯಲ್ಲಿ ಸ್ಪಾನರ್, ಇನ್ನೊಂದರಲ್ಲಿ ಟೀ. ಮೋಟಾರಿನಿಂದ ನೀರಿಗಿಳಿಯುವ ಶಾಫ್ಟ್ ಗಿಡ್ಡದ್ದೋ ಉದ್ದದ್ದೋ ಎಂದು ಕೇಳಿದಳು. ಗಿಡ್ಡದಾದರೆ ಅಲೆ ಎದ್ದಾಗ ಪಂಖ ಗಾಳಿಯಲ್ಲಿ ತಿರುಗುತ್ತದಂತೆ. ಉದ್ದದ್ದು ಎಂದು ಅಪ್ಪ ತಕ್ಷಣ ಹೇಳಿದರು, ಅಳತೆ ಸಮೇತ. ಅಪ್ಪ ಅಳತೆ ತೆಗೆದದ್ದು ನಾನು ನೋಡಿಲ್ಲ. ಬಗ್ಗಿದರೆ ಸೊಂಟ ಹಿಡಿದುಕೊಳ್ಳುವವರು, ಆ ಹಲಗೆಯ ಕೆಳಗೆ ಟೇಪು ಹೇಗೆ ಹಿಡಿದರು?

ಅಂಗಡಿಯವಳು ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಕೆಮ್ಮಿದರು. ಅವಳು ಟೀ ಕುಡಿದಳು.

ಬ್ಯಾಟರಿ ಮೋಟಾರು ಈಗ ಸ್ಟಾಕ್ ಇಲ್ಲ. ಬಂದ ಮೇಲೆ ಕೆಲವು ದಿನ ಇಟ್ಟುಕೊಂಡು ನೋಡಿ, ಹಿಡಿಸದಿದ್ದರೆ ವಾಪಸ್ ತನ್ನಿ ಎಂದಳು.

ಮಾರ್ಚ್ 11, ಮಂಗಳವಾರ

ಅಪ್ಪನ ಅಂಗೈಯಲ್ಲಿ ಬೊಬ್ಬೆ. ಎರಡೂ ಕೈ. ಕೇಳಿದರೆ ತೋಟದ ಕೆಲಸ ಎಂದರು.

ನಮಗೆ ತೋಟವಿಲ್ಲ. ಎರಡು ಕುಂಡ ಇವೆ. ಅದರಲ್ಲಿ ಒಂದು ಒಣಗಿದೆ.

ತಮ್ಮನಿಗೆ ಫೋನ್ ಮಾಡಿದೆ. ದೋಣಿ ಮಾರುವ ಯೋಚನೆ ಇರಬೇಕು, ಮೋಟಾರಿದ್ದರೆ ಬೇಗ ಹೋಗುತ್ತದೆ ಎಂದ. ಅವನಿಗೆ ಎಲ್ಲದರಲ್ಲೂ ವ್ಯಾಪಾರವೇ ಕಾಣುವುದು. ಮಾರುವವರು ಕೈಯಲ್ಲಿ ಬೊಬ್ಬೆ ಏಳುವಷ್ಟು ಹುಟ್ಟು ಹಾಕುವುದಿಲ್ಲ. ಅದು ಹುಟ್ಟು ಹಾಕಿದ ಬೊಬ್ಬೆಯೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇನ್ನೊಂದು. ನೀಲಿ ಶರ್ಟಿಗೆ ಇಸ್ತ್ರಿ ಬಿದ್ದಿದೆ. ಬಿಸ್ಕತ್ತಿನ ಡಬ್ಬಿ ಎರಡು ದಿನಕ್ಕೆ ಖಾಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ, ಬಿಸ್ಕತ್ತು ಮುಟ್ಟುವುದಿಲ್ಲ. ಕ್ಲಿನಿಕ್‌ನ ನರ್ಸ್‌ಗೆ ಹೇಳಿದೆ. ಆಕೆ ನಕ್ಕಳು. 'ಆಚೆ ದಡದಲ್ಲಿ ಯಾರೋ ಅಜ್ಜಿ ಇದ್ದಾರೆ ಬಿಡಿ. ಇರ್ಲಿ ಪಾಪ.'

ಇರಲಿ. ಅಜ್ಜಿ ಇದ್ದರೆ ಇರಲಿ. ಆದರೆ ನನಗೆ ಹೇಳದೆ ಯಾಕೆ?

ನಾನು ಹುಟ್ಟಾ ಅನುಮಾನದವಳಲ್ಲ. ಕಲಿತದ್ದು. ಬೆಳಗಾದರೆ ಟೈ ಕಟ್ಟಿ, ಡಬ್ಬಿ ಹಿಡಿದು, ಇಲ್ಲದ ಕೆಲಸಕ್ಕೆ ಹೋಗಿ ಲೈಬ್ರರಿಯಲ್ಲಿ ಕೂತು ಬರುತ್ತಿದ್ದ ಗಂಡನ ಜೊತೆ ಸಂಸಾರ ಮಾಡಿದವಳು. ಎಂಟು ತಿಂಗಳು ನಡೆಯಿತು ಅದು. ಕೆಲಸ ಹೋದದ್ದಕ್ಕೆ ನಾನು ಅವನನ್ನು ಬಿಡಲಿಲ್ಲ. ದಿನಾ ಸಂಜೆ ಊಟಕ್ಕೆ ಕೂತು ಆಫೀಸಿನ ಕಥೆ ಹೇಳುತ್ತಿದ್ದನಲ್ಲ — ಮ್ಯಾನೇಜರ್ ಹೀಗಂದ, ಲಿಫ್ಟ್ ಕೆಟ್ಟಿತ್ತು — ಅದಕ್ಕೆ ಬಿಟ್ಟೆ. ನಾನು ನಗುತ್ತಿದ್ದೆ ಆ ಕಥೆಗಳಿಗೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಊಟದ ಬಿಡುವಿನಲ್ಲಿ ಒಬ್ಬಳೇ ಮೋಟಾರು ಅಂಗಡಿಗೆ ಹೋದೆ. ಅಳತೆ ಇನ್ನೊಮ್ಮೆ ನೋಡಬೇಕಿತ್ತು ಎಂದು ಸುಳ್ಳು ಹೇಳಿದೆ. ಅಂಗಡಿಯವಳು ತಲೆಯೆತ್ತದೆಯೇ ಹೇಳಿದಳು:

'ಏನೂ ಬೇಡಮ್ಮ. ನಿಮ್ಮ ಯಜಮಾನ್ರು ಸರಿಯಾಗೇ ಅಳತೆ ತಂದ್ಕೊಟ್ಟಿದ್ದಾರೆ.'

'ಯಾವ ಯಜಮಾನ್ರು?'

'ಅವ್ರೇ, ಉದ್ದಕ್ಕಿದ್ದಾರಲ್ಲ, ಕನ್ನಡಕ. ಅಪ್ಪಾವ್ರನ್ನ ಮಾವ, ಮಾವ ಅಂತಿದ್ರು. ಇಬ್ರೂ ಒಟ್ಟಿಗೇ ಬಂದಿದ್ರು ಹೋದ ತಿಂಗಳು.'

ಸರಿ ಎಂದೆ. ಥ್ಯಾಂಕ್ಸ್ ಎಂದೆ. ರಸ್ತೆ ದಾಟಿದ್ದು ನೆನಪಿಲ್ಲ.

ಅದೇ ದಿನ, ಸಂಜೆ

ಅಜ್ಜಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಮೂರು ವರ್ಷದಿಂದ ಅವನು, ನಾನು ಬಿಟ್ಟವನು, ಆಚೆ ದಡದಲ್ಲಿದ್ದಾನೆ. ರಸ್ತೆಯಲ್ಲಿ ಹೋದರೆ ಕೊಲ್ಲಿ ಸುತ್ತಿ ಎರಡು ಬಸ್ಸು ಬದಲಾಯಿಸಬೇಕು. ನೀರಿನಲ್ಲಿ ಹೋದರೆ, ಗಾಳಿ ಇದ್ದರೆ, ಒಂದು ಗಂಟೆಯೂ ಬೇಡ. ಬಿಸ್ಕತ್ತು ಯಾರು ತಿನ್ನುತ್ತಾರೆ ಎಂದು ಈಗ ತಿಳಿಯಿತು. ಟೀಗೆ ಅದ್ದಿ ಅದ್ದಿ ತಿನ್ನುವವನು.

ಅಪ್ಪ ಬಂದು ಪಕ್ಕದಲ್ಲಿ ಕೂತರು. ಇವತ್ತು ಕ್ಲಿನಿಕ್‌ನಲ್ಲಿ ಏನು ವಿಶೇಷ ಎಂದರು. ಏನಿಲ್ಲ ಎಂದೆ. ನೀವೆಲ್ಲಿಗೂ ಹೋಗಿರಲಿಲ್ಲವಾ ಎಂದೆ. ಎಲ್ಲಿಗೆ ಹೋಗಲಿ, ಪೇಪರ್ ಓದಿದೆ, ಮಲಗಿದೆ ಎಂದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಇವರಿಂದ ಅವನು ಕಲಿತನೋ, ಅವನಿಂದ ಇವರೋ.

ಮಾರ್ಚ್ 19, ಬುಧವಾರ

ಕೇಳಿಲ್ಲ. ಕೇಳುವುದಿಲ್ಲ. ಎಷ್ಟು ದಿನ ನಟಿಸುತ್ತಾರೆ, ನೋಡೋಣ.

ಮಾವ ಅಳಿಯ ಸೇರಿ ಏನೋ ಹೂಡುತ್ತಿದ್ದಾರೆ. ನನ್ನನ್ನು ಮತ್ತೆ ಅವನ ಮನೆಗೆ ಕಳಿಸುವ ಉಪಾಯ? ಸೋಮವಾರ ಅಪ್ಪ ಊಟ ಮಾಡುತ್ತಾ, ಮನುಷ್ಯ ಒಂದು ತಪ್ಪು ಮಾಡಬಹುದು ಎಂದರು. ಯಾರ ಬಗ್ಗೆ ಎಂದೆ. ಪೇಪರಿನಲ್ಲಿ ಬಂದಿತ್ತು ಎಂದರು. ಪೇಪರು ಹುಡುಕಿದೆ. ಏನೂ ಇರಲಿಲ್ಲ.

ಬ್ಯಾಟರಿ ಮೋಟಾರು ಬಂದಿದೆ. ಅಪ್ಪ ಸಂಜೆ ಕಟ್ಟೆಯ ಸುತ್ತ ಒಂದು ಸುತ್ತು ಹೊಡೆದರು. ನಾನು ಕಿಟಕಿಯಲ್ಲಿ ನಿಂತು ಕಿವಿ ಕೊಟ್ಟೆ. ನಿಜಕ್ಕೂ ಏನೂ ಕೇಳಿಸಲಿಲ್ಲ. ನೀರು ಸರಿದದ್ದು ಬಿಟ್ಟರೆ.

ಮಾರ್ಚ್ 26, ಬುಧವಾರ

ಮಲಗುವ ಮೊದಲು ಬರೆದುಬಿಡುತ್ತೇನೆ.

ಕ್ಲಿನಿಕ್‌ನಿಂದ ಬಂದಾಗ ಕಟ್ಟೆಯಲ್ಲಿ ದೋಣಿಯಿಲ್ಲ. ಅಪ್ಪ ಯಾವಾಗಲೂ ನನಗಿಂತ ಮೊದಲು ಬಂದಿರುತ್ತಾರೆ. ಫೋನ್ ಮೇಜಿನ ಮೇಲೆ. ಕಿವಿ ಮಷಿನ್ ಪಕ್ಕದಲ್ಲಿ. ಗಾಳಿ ಸತ್ತುಹೋಗಿತ್ತು, ಒಂದು ಎಲೆ ಅಲುಗುತ್ತಿಲ್ಲ. ಅದರ ಮೇಲೆ ಇಳಿತ ಶುರುವಾಗಿತ್ತು. ಇಳಿತದ ಹೊತ್ತಿಗೆ ಕೊಲ್ಲಿಯ ನಡುವೆ ನೀರು ಹೇಗೆ ಎಳೆಯುತ್ತದೆ ಎಂದು ನನಗೆ ಗೊತ್ತು. ತೆರೆದ ಸಮುದ್ರದ ಕಡೆಗೇ ಎಳೆಯುವುದು.

ಕಟ್ಟೆಯ ಮೇಲೆ ನಿಂತೆ. ಏನೇನೋ ಯೋಚನೆ. ಅವನ ನಂಬರ್ ಅಳಿಸಿದ್ದೆ. ಆದರೆ ಬೆರಳಿಗೆ ನೆನಪಿತ್ತು. ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಬೈಯಲು ಅಲ್ಲ. ಅಪ್ಪ ಅಲ್ಲೇ ಇದ್ದಾರೆ ಎಂದು ಅವನು ಹೇಳಲಿ, ಅಷ್ಟೇ ಸಾಕು ಎನಿಸಿತ್ತು.

ಬೆಳಕು ಹೋಗುವ ಮೊದಲು ದೋಣಿ ಕಾಣಿಸಿತು. ಹಾಯಿ ಇಳಿಸಿತ್ತು. ಮೋಟಾರು ಎತ್ತಿ ಕಟ್ಟಿತ್ತು. ಒಬ್ಬರು ಚುಕ್ಕಾಣಿ ಹಿಡಿದಿದ್ದರು, ಇನ್ನೊಬ್ಬರು ಹುಟ್ಟು ಹಾಕುತ್ತಿದ್ದರು. ಹುಟ್ಟು ಹಾಕುವವನ ಬೆನ್ನು ನನ್ನ ಕಡೆಗಿತ್ತು. ಬೆನ್ನು ಸಾಕಾಯಿತು ಗುರುತಿಗೆ.

ಹಗ್ಗ ಎಸೆದದ್ದು ಅವನು. ಹಿಡಿದದ್ದು ನಾನು. ಹೊರಡುವಾಗಲೇ ಬ್ಯಾಟರಿ ಅರ್ಧಕ್ಕಿಂತ ಕೆಳಗಿತ್ತಂತೆ. ಬೇಡ ಎಂದರೂ ಅಪ್ಪ ಕೇಳಲಿಲ್ಲವಂತೆ, ಮಗಳು ಬರುವ ಹೊತ್ತಾಯಿತು ಎಂದು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಜೊತೆಗೆ ಹತ್ತಿದನಂತೆ. ಇಲ್ಲಿ ನಾನಿರುತ್ತೇನೆ ಎಂದು ಗೊತ್ತಿದ್ದೂ. ಅರ್ಧ ದಾರಿಗೆ ಮೋಟಾರು ನಿಂತಿತು.

ಇದನ್ನೆಲ್ಲ ಅವನೇ ಹೇಳಿದ, ಏದುಸಿರು ಬಿಡುತ್ತಾ, ಬಣ್ಣ ಹಚ್ಚದೆ. ಕೊನೆಗೆ, ನಿನಗೆ ಹೇಳಬೇಕಿತ್ತು, ನಾನೇ ಬೇಡ ಅಂದಿದ್ದೆ ಎಂದ. ನೀರು ಕೊಟ್ಟೆ. ಕುಡಿದ. ಕೊನೆ ಬಸ್ಸಿಗೆ ಹೋದ. ಚಪ್ಪಲಿ ಒದ್ದೆಯಾಗಿತ್ತು.

ಅಪ್ಪ ಕಿವಿ ಮಷಿನ್ ಹಾಕಿಕೊಂಡು ಬಂದು ನನ್ನೆದುರು ಕೂತರು. ಅಂದರೆ ಕೇಳಲು ತಯಾರು.

ಎಷ್ಟು ದಿನದಿಂದ ಎಂದೆ. ವರ್ಷವಾಯಿತು ಎಂದರು. ಹೋಗುವುದು, ಚೆಸ್ ಆಡುವುದು, ಬರುವುದು. ಸಂಜೆ ಗಾಳಿ ಬಿದ್ದರೆ ಹುಟ್ಟು. ಕೈ ಸೋತಿತು. ಅದಕ್ಕೇ ಮೋಟಾರು.

'ನನ್ನನ್ನ ಮತ್ತೆ ಅಲ್ಲಿಗೆ ಸೇರಿಸೋಕಾ?'

'ಅಲ್ಲ.' ಅಪ್ಪ ಕಿವಿ ಮಷಿನ್ ಸರಿಮಾಡಿಕೊಂಡರು. 'ಅಳಿಯ ಅಲ್ಲ, ಮಗಳ ಗಂಡ ಅಂತಾರಲ್ಲ. ನನಗೆ ಉಲ್ಟಾ ಆಗಿದೆ. ಮಗಳ ಗಂಡ ಅಲ್ಲ, ಅಳಿಯ. ನೀನು ಬಿಟ್ಟೆ, ಬಿಡ್ಬೇಕಿತ್ತು ಬಿಟ್ಟೆ. ನಾನು ಒಂದು ಮಾತು ಆಡಿದ್ನಾ? ಆದ್ರೆ ಆಗೆಲ್ಲ ಹಾಯಿ ಎತ್ತೋಕೆ ನನ್ನ ಜೊತೆ ಇನ್ಯಾರಿದ್ರು ಹೇಳು.'

'ನನಗೆ ಹೇಳ್ಬಹುದಿತ್ತು.'

'ಹೇಳಿದ್ರೆ ಹೋಗಿ ಅಂತಿದ್ಯಾ?'

ಇಲ್ಲ. ಅನ್ನುತ್ತಿರಲಿಲ್ಲ. ಅದನ್ನು ಅಪ್ಪನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ 2, ಬುಧವಾರ

ಮನೆಯಲ್ಲಿ ಮಾತು ಬೇಕಾದಷ್ಟೇ. ಉಪ್ಪು. ಗ್ಯಾಸ್. ಮಾತ್ರೆ ತಗೊಂಡ್ರಾ. ಅಪ್ಪ ಎಲ್ಲಿಗೂ ಹೋಗುತ್ತಿಲ್ಲ. ಕಿಟಕಿಯ ಹತ್ತಿರ ಕೂತು ದೋಣಿ ನೋಡುತ್ತಾರೆ. ಇದೂ ನಾಟಕವಿರಬಹುದು ಎಂದುಕೊಂಡೆ. ನಿನ್ನೆ ನೋಡಿದರೆ ಚೆಸ್ ಬೋರ್ಡ್ ಇಟ್ಟುಕೊಂಡು ಎರಡೂ ಕಡೆಯ ಆಟ ತಾವೇ ಆಡುತ್ತಿದ್ದರು. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದೇ ನನ್ನ ಅಂದಾಜು.

ಏಪ್ರಿಲ್ 5, ಶನಿವಾರ

ಬ್ಯಾಟರಿ ಮೋಟಾರು ವಾಪಸ್ ಮಾಡಿದೆ. ಅಪ್ಪನನ್ನು ಕರೆದುಕೊಂಡೇ ಹೋಗಿದ್ದೆ. ಪೆಟ್ರೋಲಿನದು ತೋರಿಸು ಎಂದೆ. ನಾಲ್ಕು ಎಚ್.ಪಿ., ಉದ್ದ ಶಾಫ್ಟ್. ಅಂಗಡಿಯವಳು ಡ್ರಮ್ಮಿನ ನೀರಿನಲ್ಲಿ ಇಳಿಸಿ ಹಗ್ಗ ಎಳೆದಳು. ಬೀದಿಯ ನಾಯಿ ಎದ್ದು ಹೋಯಿತು.

ಇದು ಸದ್ದು ಜಾಸ್ತಿ, ಮನೆ ನೀರಿನ ಪಕ್ಕದಲ್ಲಿದ್ದರೆ ತಲೆನೋವು ಎಂದಳು. ಭಾರ ಬೇರೆ ಎಂದರು ಅಪ್ಪ. ಭಾರ ನಾನು ಎತ್ತುತ್ತೇನೆ ಎಂದೆ. ಎತ್ತಿ ತೋರಿಸಿದೆ. ಸೊಂಟ ಇನ್ನೂ ನೋಯುತ್ತಿದೆ.

ಅಪ್ಪ ನನ್ನ ಮುಖ ನೋಡಿದರು. ಈಗ ಅನುಮಾನಪಡುವ ಸರದಿ ಅವರದು. ಇವಳು ಹೋಗಬೇಡಿ ಎನ್ನುತ್ತಿದ್ದಾಳೋ, ಹೋಗಿ ಎನ್ನುತ್ತಿದ್ದಾಳೋ.

'ಸದ್ದಾಗ್ಲಿ,' ಎಂದೆ. 'ನೀವು ಹೋಗೋದು ನನಗೆ ಕೇಳಿಸ್ಬೇಕು. ಬರೋದೂ ಕೇಳಿಸ್ಬೇಕು.'

ಅಂಗಡಿಯವಳು ಬೇರೆ ಕಡೆ ತಿರುಗಿ ಟೀ ಹುಡುಕಿದಳು.

ಏಪ್ರಿಲ್ 19, ಶನಿವಾರ. ಮಧ್ಯಾಹ್ನ

ಅಪ್ಪ ನೀಲಿ ಶರ್ಟ್ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತು, ಶಾಲೆಯ ಹುಡುಗನ ಹಾಗೆ ಹೇಳಿದರು: ಆಚೆ ದಡಕ್ಕೆ ಹೋಗುತ್ತಿದ್ದೇನೆ, ಅವನ ಮನೆಗೆ, ಐದು ಗಂಟೆಗೆ ಬರುತ್ತೇನೆ. ಫೋನ್ ತೋರಿಸಿದರು, ಕಿವಿ ಮಷಿನ್ ತೋರಿಸಿದರು. ನೀನೂ — ಎಂದು ಶುರು ಮಾಡಿ ನಿಲ್ಲಿಸಿದರು. ನಾನು ಬರುವುದಿಲ್ಲ ಎಂದೆ. ಸರಿ ಎಂದರು. ಎಷ್ಟು ಬೇಗ ಸರಿ ಎಂದರು. ಮೊದಲೇ ಲೆಕ್ಕ ಹಾಕಿಕೊಂಡಿದ್ದ ಹಾಗೆ.

ಮೋಟಾರು ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಕೊಲ್ಲಿಯ ಅರ್ಧದವರೆಗೂ ಕೇಳಿಸುತ್ತಲೇ ಇತ್ತು. ಆಮೇಲೆ ನಿಲ್ಲಿಸಿ ಹಾಯಿ ಎತ್ತಿದರು. ಹಾಯಿ ಒಂದೇ ಸಲಕ್ಕೆ ಏರಲಿಲ್ಲ. ಏರುವವರೆಗೂ ನೋಡುತ್ತಾ ನಿಂತಿದ್ದೆ.

ಸಂಜೆ

ಮೋಟಾರಿನ ಸದ್ದು. ಐದಕ್ಕೆ ಇನ್ನೂ ಹೊತ್ತಿದೆ. ಯಾಕಿಷ್ಟು ಬೇಗ? ಜಗಳವಾಡಿದರೇ? ಅಪ್ಪನಿಗೆ ಮೈ ಸರಿಯಿಲ್ಲವೇ? ಅಥವಾ ಅವನಿಗೇ ಏನಾದರೂ —

ಕಿಟಕಿಯಿಂದ ನೋಡಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ನೆರಳಷ್ಟೇ ಕಾಣುವುದು. ಹತ್ತಿರ ಬಂತು. ವೇಗ ಇಳಿಸಿದರು. ಅಪ್ಪ ನಗುತ್ತಿದ್ದಾರೆ, ಅದು ಅಪ್ಪನ ನಗುವೇ. ಒಬ್ಬರೇ ನಗುತ್ತಿದ್ದಾರೋ, ಜೊತೆಗೆ —

ಹಗ್ಗ ಹಿಡಿಯಲು ಕೂಗುತ್ತಿದ್ದಾರೆ. ಹೋಗಿ ನೋಡಿ ಬಂದು ಉಳಿದದ್ದು ಬರೆಯುತ್ತೇನೆ.