ಎತ್ತಿ ಕುಡಿಸಿದ ಮಜ್ಜಿಗೆ

ತುಮಕೂರು,
ಆಸ್ಪತ್ರೆಯ ಎರಡನೇ ಮಹಡಿ, ಕಿಟಕಿ ಪಕ್ಕದ ಮಂಚ.
ಬುಧವಾರ, 12-2-2025

ಅರ್ಜೂ ತಾಯಿಗೆ, ಶೆಟ್ಟಿಹಳ್ಳಿ ಅಜ್ಜಿ ಚಿಕ್ಕಗಂಗಮ್ಮ ಬರೆಯುವುದು.

ನೀನು ನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದು ನಮ್ಮ ಯಜಮಾನರ ಸೇವೆ ಮಾಡಿದೆ, ಒಂದು ದಿನವೂ ನಾನು ನಿನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. "ಏ ಹುಡುಗಿ" ಅಂದೆ, "ಏನಮ್ಮಾ ನರ್ಸಮ್ಮ" ಅಂತ ಕೊಂಕು ಆಡಿದೆ. ಈಗ ತಾಯಿ ಅಂತ ಬರೆದರೆ ನಿನಗೆ ನಗು ಬರಬಹುದು. ನಗು. ಸೊಸೆ ನೇತ್ರಾವತಿ ಕೈಲಿ ಫೋನು ಮಾಡಿಸಿದೆ, ನೀನು ಎತ್ತಲಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ. ಗೂಳೂರು ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೇ ನಿಂತ ಕೈ ಇದು, ಒತ್ತು ದೀರ್ಘ ತಪ್ಪಿದ್ದರೆ ಸರಿ ಮಾಡಿಕೊಂಡು ಓದು. ಹಾಳೆ ಸೊಸೆಯದು. ಗುಬ್ಬಿ ಸ್ಕೂಲಿನಲ್ಲಿ ಮಕ್ಕಳ ಪರೀಕ್ಷೆಗೆ ಕೊಟ್ಟು ಉಳಿದದ್ದು. ಮೇಲ್ಗಡೆ ವಿದ್ಯಾರ್ಥಿಯ ಹೆಸರು, ಪಡೆದ ಅಂಕ ಅಂತ ಅಚ್ಚಾಗಿದೆ. ಅಂಕದ ಜಾಗ ಖಾಲಿ ಬಿಟ್ಟಿದ್ದೇನೆ, ನೀನೇ ಹಾಕು.

ನಿನ್ನೆಯಿಂದ ಅನ್ನದ ತುತ್ತು ಬಾಯಿಗೆ ಇಟ್ಟುಕೊಂಡರೆ ಅದು ಯಾವ ದಾರಿ ಹಿಡಿಯುತ್ತದೋ ಅಂತ ನನಗೇ ಭಯ. ಯಾಕೆ ಅಂತ ಹೇಳುತ್ತೇನೆ.

ನಿನ್ನೆ ಬೆಳಿಗ್ಗೆ ಇವರಿಗೆ ನುಂಗುವ ಪರೀಕ್ಷೆ ಮಾಡಿದರು. ಇವರ ಹೆಸರು ನಾನು ಬಾಯಲ್ಲಿ ಹೇಳುವುದಿಲ್ಲ, ನಿನಗೆ ಗೊತ್ತು. ಮಂಚದ ಕಾಲಿಗೆ ತೂಗು ಹಾಕಿರುವ ಹಾಳೆಯಲ್ಲಿ ರಾಮಾಂಜಿನಯ್ಯ, ಎಪ್ಪತ್ತೆಂಟು ವರ್ಷ, ಲಕ್ವ, ಸಕ್ಕರೆ ಕಾಯಿಲೆ, ನ್ಯುಮೋನಿಯಾ ಅಂತ ಇದೆ. ಗಂಗಾಂಬಿಕೆ ಅಂತ ಒಬ್ಬ ಮೇಡಂ ಬಂದಿದ್ದರು. ಮಾತು ಬಿದ್ದುಹೋದವರಿಗೆ ಮಾತು, ನುಂಗಲಾರದವರಿಗೆ ನುಂಗುವುದು ಕಲಿಸುವವರಂತೆ. ಮೂಗಿನೊಳಗೆ ದಾರದಂಥ ಕ್ಯಾಮೆರಾ ಇಳಿಬಿಟ್ಟು, ನೀಲಿ ಬಣ್ಣ ಕಲಸಿದ ನೀರನ್ನು ಒಂದೇ ಒಂದು ಚಮಚ ಬಾಯಿಗೆ ಹಾಕಿದರು. ಗಂಟಲ ಒಳಗೆಲ್ಲ ಟಿವಿಯಲ್ಲಿ ಕಾಣುತ್ತಿತ್ತು. "ಬನ್ನಿ ಅಜ್ಜಿ, ನೀವೂ ನೋಡಿ" ಅಂತ ನನ್ನನ್ನು ಎಳೆದು ನಿಲ್ಲಿಸಿದರು. ಹಿಂದೆ ಒಂದು ದಾರಿ, ಅನ್ನದ್ದು. ಮುಂದೆ ಒಂದು ದಾರಿ, ಉಸಿರಿನದು. ನೀಲಿ ನೀರು ಬಂತು. ಅನ್ನದ ದಾರಿಯ ಕಡೆ ತಿರುಗಿಯೂ ನೋಡಲಿಲ್ಲ ಕಣೇ. ಬಚ್ಚಲ ತೂಬಿಗೆ ನೀರು ಹೋದ ಹಾಗೆ, ಉಸಿರಿನ ದಾರಿಗೆ ಸಲೀಸಾಗಿ ಇಳಿದುಹೋಯಿತು.

ಮತ್ತೆ, ಇವರು ಕೆಮ್ಮಲಿಲ್ಲ.

ಒಂದು ಸಲ ಕೂಡ ಕೆಮ್ಮಲಿಲ್ಲ. ಎದೆಗೂಡಿಗೆ ನೀರು ಹೋಗುತ್ತಿದೆ, ಮನುಷ್ಯ ಹಸುಗೂಸಿನ ಹಾಗೆ ನನ್ನ ಮುಖ ನೋಡುತ್ತ ಕುಳಿತಿದ್ದಾರೆ. "ಕೆಮ್ಮೇ ಬರ್ಲಿಲ್ವಲ್ಲ ಮೇಡಂ" ಅಂದೆ. "ಅದೇ ಅಜ್ಜಿ ಭಯ ಇರೋದು. ಇವ್ರ ಗಂಟಲಿಗೆ ಗೊತ್ತೇ ಆಗ್ತಿಲ್ಲ. ತೆಳ್ಳಗಿರೋದು ಏನೇ ಕೊಟ್ರೂ ಸದ್ದಿಲ್ದೆ ಶ್ವಾಸಕ್ಕೇ ಹೋಗತ್ತೆ, ಜ್ವರ ಬರತ್ತೆ" ಅಂದರು. ಆಮೇಲೆ ಗದ್ದ ಬಗ್ಗಿಸಿ ಗಟ್ಟಿ ಗಂಜಿ ಒಂದು ಚಮಚ ಕೊಟ್ಟು ತೋರಿಸಿದರು. ಅದು ನೆಟ್ಟಗೆ ಅನ್ನದ ದಾರಿಗೆ ಹೋಯಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ತಲೆ ಎತ್ತಿ ಕುಡುದ್ರೆ ಏನಾಯ್ತದೆ?" ಅಂತ ಕೇಳಿಬಿಟ್ಟೆ. ಮೇಡಂ ಕೈ ಕೊಡವಿ, "ಅಯ್ಯಯ್ಯೋ, ಅದಂತೂ ಬೇಡ್ವೇ ಬೇಡ ಅಜ್ಜಿ! ಬಾಗಿಲು ತೆಗೆದು ಒಳಕ್ಕೆ ಕರೆದಂಗೆ ಆಗತ್ತೆ" ಅಂದರು.

ಇದೇ ಮಾತನ್ನು ನೀನು ಕಾರ್ತೀಕ ಮಾಸದಲ್ಲಿ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ದೆ. "ಅಜ್ಜಿ, ಕೆಮ್ಮು ಬರ್ಲಿಲ್ಲ ಅಂದ್ರೂ ಒಳಗೆ ಹೋಗಿರತ್ತೆ" ಅಂದಿದ್ದೆ. ನಾನು, "ನೀನು ಹುಟ್ಟೋಕೆ ಮುಂಚಿಂದ ಅವ್ರು ನುಂಗ್ತಾ ಅವ್ರೆ, ನಿನ್ತಾವ ಕಲೀಬೇಕಾ?" ಅಂದಿದ್ದೆ.

ಅವರು ಹೇಗೆ ಕುಡಿಯುತ್ತಿದ್ದರು ಅಂತ ನೀನು ನೋಡಿಲ್ಲ. ಮೂವತ್ತೊಂದು ವರ್ಷ ಬಸ್ ಕಂಡಕ್ಟರು, ಬಹುಪಾಲು ತುಮಕೂರು ಕುಣಿಗಲ್ ರೂಟಿನಲ್ಲೇ. ಬಸ್ಸಿನಲ್ಲಿ ಯಾರು ಯಾರೋ ನೀರು ಕೊಡುತ್ತಾರೆ, ಇವರು ಯಾರ ಚೊಂಬಿಗೂ ತುಟಿ ತಾಗಿಸಿದವರಲ್ಲ. ಕುತ್ತಿಗೆ ಹಿಂದಕ್ಕೆ ಚಾಚಿ ಒಂದು ಗೇಣು ಮೇಲಿಂದ ಬಿಟ್ಟುಕೊಂಡರೆ, ತಿರುವಿನಲ್ಲಿ ಬಸ್ಸು ವಾಲಿದರೂ ಅಂಗಿ ಮೇಲೆ ಒಂದು ತೊಟ್ಟು ಬೀಳುತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ನಾನು ಲೋಟ ಕಚ್ಚಿ ಕುಡಿದದ್ದು ನೋಡಿ, "ನಿಮ್ಮೂರಲ್ಲಿ ಕರುಗಳು ಹಿಂಗೆ ಕುಡೀತವೆ" ಅಂದಿದ್ದರು. ಅಷ್ಟು ಗತ್ತು.

ಅಂಥವರ ಎದೆಗೆ ನೀನು ಬಟ್ಟೆ ಕಟ್ಟಿದೆ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಪುಡಿ ಕಲಸಿ ಅಂಟಾದ ನೀರನ್ನು ಚಮಚದಲ್ಲಿ ತಿನ್ನಿಸಿದೆ. ನೀರನ್ನು ತಿನ್ನುವುದು! ತಿಂದ ಮೇಲೂ ಅರ್ಧ ಗಂಟೆ ಮಲಗಲು ಬಿಡುತ್ತಿರಲಿಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸುವುದು, ಅಂಗಾಲಿನಲ್ಲಿ ಗಾಯ ಆಗಿದೆಯೋ ಅಂತ ಕನ್ನಡಿ ಹಿಡಿದು ನೋಡುವುದು, ಮೂರು ಗುಂಡಿನ ಡಬ್ಬಿ ಕೊಟ್ಟು ಉಸಿರು ಎಳೆಸುವುದು. "ಮುದುಕ್ರಿಗೆ ಗೋಲಿ ಆಟ ಕಲಿಸ್ತಾವ್ಳೆ" ಅಂತ ಪಕ್ಕದ ಮನೆಯವರ ಹತ್ತಿರ ಆಡಿಕೊಂಡೆ. ಆದರೆ ಒಂದು ಒಪ್ಪಿಕೊಳ್ಳಬೇಕು. ಒಂದೂವರೆ ವರ್ಷದಿಂದ ಮಾತೇ ಇಲ್ಲದ ಬಾಯಲ್ಲಿ ನೀನು ಮಾತು ತರಿಸಿದೆ. "ತಾತ, ಟಿಕೆಟ್ ಎಲ್ಲಿಗೆ ಅಂತ ಕೇಳಿ" ಅಂತ ಕಾಡಿಸಿ, ಇವರ ರೂಟಿನ ಸ್ಟಾಪುಗಳನ್ನೇ ಪಾಠ ಮಾಡಿದೆ. ಗೂಳೂರು. ನಾಗವಲ್ಲಿ. ಹೆಬ್ಬೂರು. ಹೆಬ್ಬೂರಿನ ತನಕ ಬಂದಿದ್ದರು. "ಕುಣಿಗಲ್ ಹೇಳೋ ದಿನ ನಮ್ಮೂರಿಗೆ ಕರ್ಕೊಂಡೋಗ್ತೀನಿ" ಅಂದಿದ್ದೆ ನೀನು. ನನಗೆ ಖುಷಿಯಾಗಲಿಲ್ಲ. ಐವತ್ತಮೂರು ವರ್ಷ ಸಂಸಾರ ಮಾಡಿದವಳ ಹೆಸರು ಬರಲಿಲ್ಲ, ಹೆಬ್ಬೂರು ಬಂತು ಅಂತ ಹೊಟ್ಟೆ ಉರಿಯಿತು.

ಒಂದು ಮಧ್ಯಾಹ್ನ ನೀನು ಒಳಕೋಣೆಯಲ್ಲಿ ನಮಾಜಿಗೆ ಕುಳಿತಿದ್ದೆ. ನಾನು ಮಜ್ಜಿಗೆ ಕುಡಿಯುತ್ತಿದ್ದೆ. ಇವರು ನೆಟ್ಟಗಿರುವ ಬಲಗೈಯನ್ನು ಎತ್ತಿ, ಹೆಬ್ಬೆರಳನ್ನು ಬಾಯಿಯ ಕಡೆ ತಿರುಗಿಸಿ ತೋರಿಸಿದರು. ಎತ್ತಿ ಕುಡಿಸು ಅಂತ. ಆ ಕಣ್ಣು ನೋಡಿದ್ದರೆ ನೀನೂ ಕೊಡುತ್ತಿದ್ದೆ. ಇಲ್ಲ, ನೀನು ಕೊಡುತ್ತಿರಲಿಲ್ಲ. ನಾನು ಕೊಟ್ಟೆ. ತಲೆಯನ್ನು ನನ್ನ ತೋಳಿಗೆ ಒರಗಿಸಿಕೊಂಡು, ಹಿಂದಕ್ಕೆ ವಾಲಿಸಿ, ಮೇಲಿಂದ ಸಣ್ಣಗೆ ಬಿಟ್ಟೆ. ಗಟಗಟ ಕುಡಿದರು. ಕೆಮ್ಮಲಿಲ್ಲ. ಕಾಲರಿನ ಮೇಲೆ ನಾಲ್ಕು ತೊಟ್ಟು ಬಿತ್ತು ಅಷ್ಟೇ. ಆ ಒಂದು ಗಳಿಗೆ ಮಂಚದ ಮೇಲೆ ರೋಗಿ ಇರಲಿಲ್ಲ, ನನ್ನ ಗಂಡ ಇದ್ದರು.

ಹೀಗೆ ಮೂರೇ ಮೂರು ಸಲ ಕೊಟ್ಟಿದ್ದೇನೆ. ಮೂರು ಸಲಕ್ಕೆ ಮೂರು ಜ್ವರ. ಡಿಸೆಂಬರಿನಲ್ಲಿ ಒಂದು, ಸಂಕ್ರಾಂತಿಯ ಹಿಂದುಮುಂದು ಒಂದು, ಈಗ ಇದು.

ನಿನಗೆ ಮೊದಲ ದಿನವೇ ತಿಳಿದುಹೋಗಿತ್ತು. ಒದ್ದೆ ಕಾಲರ್ ಮೂಸಿ ನೋಡಿ ನನ್ನ ಹತ್ತಿರ ಬಂದೆ. ಕೈ ಮುಗಿದು ಹೇಳಿದೆ. ಎರಡನೇ ಜ್ವರದ ಮೇಲೆ, ನನ್ನ ಮಗನ ಹೆಸರು ಎತ್ತಿ, "ಇನ್ನು ತಿಮ್ಮೇಶಣ್ಣಂಗೆ ಹೇಳ್ಬೇಕಾಗತ್ತೆ ಅಜ್ಜಿ" ಅಂದೆ. ಆವತ್ತು ನಾನು ನಿನಗೆ ಏನು ಅಂದೆ ಅನ್ನುವುದು ನಮ್ಮಿಬ್ಬರಿಗೇ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೂರನೇ ಸಲ ಇಲ್ಲಿಗೆ ತಂದಾಗ ಡಾಕ್ಟರು, "ಊಟ ಮಾಡ್ಸೋರು ಯಾರು?" ಅಂತ ಕೇಳಿದರು. ವಸಂತನರಸಾಪುರದ ಫ್ಯಾಕ್ಟರಿಯಿಂದ ಯೂನಿಫಾರಂನಲ್ಲೇ ಓಡಿಬಂದಿದ್ದ ತಿಮ್ಮೇಶ ನಿನ್ನ ಕಡೆ ತಿರುಗಿದ. ನೀನು ನನ್ನ ಕಡೆ ನೋಡಿದೆ. ಒಂದೇ ಸಲ. ನಾನು ಸೆರಗು ಸರಿ ಮಾಡಿಕೊಂಡು, "ಅದೇನು ಪುಡಿಯೋ ಏನೋ, ಇವ್ಳು ಕಲಸಿ ಕಲಸಿ ಗಂಟಲು ಕಟ್ಟಿಸವ್ಳೆ. ನನ್ನ ಕೇಳ್ತಾರಾ ಯಾರಾದ್ರೂ?" ಅಂದೆ. ಆಸ್ಪತ್ರೆಯಲ್ಲೇ ತಿಮ್ಮೇಶ ನಿನ್ನ ಮೇಲೆ ಕೂಗಾಡಿದ. ನಿನ್ನನ್ನು ಕಳಿಸಿದ ಆಫೀಸಿಗೆ ಫೋನು ಮಾಡಿ, "ಇನ್ನೊಂದ್ಮನೆಗೆ ಇವ್ಳನ್ನ ಕಳ್ಸಿದ್ರೆ ಪೊಲೀಸ್ಗೆ ಹೋಯ್ತೀನಿ" ಅಂದ. ಅವರು ನಿನ್ನ ಹೆಸರು ತೆಗೆದುಹಾಕಿದರು ಅಂತ ಮಾರನೇ ದಿನ ತಿಳಿಯಿತು. ಎರಡು ವರ್ಷ ಓದಿ ಕಲಿತ ಕೆಲಸ, ನನ್ನ ಒಂದು ಮಾತಿಗೆ ಹೋಯಿತು. ಆಗ ನನಗೆ ಏನನ್ನಿಸಿತು ಗೊತ್ತೇ? ಸದ್ಯ, ತಪ್ಪಿಸಿಕೊಂಡೆ ಅನ್ನಿಸಿತು.

ನೀನು ಹೊರಡುವಾಗ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದೆ. ಬೈಯುತ್ತೀಯ ಅಂದುಕೊಂಡೆ. "ಅಜ್ಜಿ, ಇನ್ನು ತಾತನ್ನ ನೋಡ್ಕೊಳೋರು ನೀವೇ. ದಮ್ಮಯ್ಯ ಅಂತೀನಿ, ಎತ್ತಿ ಮಾತ್ರ ಕುಡಿಸ್ಬೇಡಿ" ಅಂದೆ. ನಾನು ಕೈ ಬಿಡಿಸಿಕೊಂಡೆ.

ನಿನ್ನೆ ಆ ಟಿವಿ ನೋಡಿ ಬಂದವಳು ಮಧ್ಯಾಹ್ನ ಬಟ್ಟೆ ತರಲು ಶೆಟ್ಟಿಹಳ್ಳಿಗೆ ಹೋದೆ. ಇವರ ಹಾಸಿಗೆಯ ಪಕ್ಕದಲ್ಲಿ ನಿನ್ನ ಸ್ವೆಟರು, ಅದರ ಕೆಳಗೆ ನಿನ್ನ ಪುಸ್ತಕ. ಗಂಟೆಗಂಟೆಗೆ ನೀನು ಬರೆಯುತ್ತಿದ್ದೆಯಲ್ಲ, ಜ್ವರ ಎಷ್ಟು, ಸಕ್ಕರೆ ಎಷ್ಟು, ಎಷ್ಟು ಚಮಚ ಹೋಯಿತು, ಯಾವ ಮಗ್ಗುಲು, ಅದು. ತೆರೆದರೆ ಒಂದು ಪುಟ ಬಂತು. "ಮಧ್ಯಾಹ್ನ ಎರಡು ಗಂಟೆ. ಕಾಲರ್ ಒದ್ದೆ, ಮಜ್ಜಿಗೆ ವಾಸನೆ. ಅಜ್ಜಿಗೆ ಹೇಳಿದೆ. ಎದೆ ಸದ್ದು ನೋಡಬೇಕು." ಅದರ ಕೆಳಗೆ, "ತಾತ ನಕ್ಕರು."

ಅಲ್ಲಿಗೇ ಪುಸ್ತಕ ಮುಚ್ಚಿ, ಸ್ವೆಟರಿನ ಜೊತೆ ಬ್ಯಾಗಿಗೆ ಹಾಕಿಕೊಂಡೆ. ನನ್ನನ್ನು ಹಿಡಿದುಕೊಡಬೇಕಾದ ಪುಸ್ತಕದಲ್ಲಿ ನೀನು ಅವರ ನಗು ಬರೆದು ಇಟ್ಟಿದ್ದೀಯ. ಇದನ್ನು ತಿಮ್ಮೇಶನ ಮುಖಕ್ಕೆ ಹಿಡಿದಿದ್ದರೆ ಮುಗಿಯುತ್ತಿತ್ತಲ್ಲೇ ಹುಡುಗಿ!

ಇವರು ಈಗ ಹೇಗಿದ್ದಾರೆ ಅಂತ ನೀನು ಕೇಳುತ್ತೀಯ. ಆಕ್ಸಿಜನ್ ನಿನ್ನೆ ತೆಗೆದರು. ಜ್ವರ ಇಳಿದಿದೆ. ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಅಂತ ಡಾಕ್ಟರು ನೆಟ್ಟಗೆ ಹೇಳಿದರು. ಮಾತು ಹಿಂದಕ್ಕೆ ಹೋಗಿದೆ, ಗೂಳೂರಿಗೇ ನಿಂತಿದೆ. ಗಂಗಾಂಬಿಕೆ ಮೇಡಂ ನನ್ನ ಕೈಯಿಂದಲೇ ಗಂಜಿ ಕುಡಿಸಿ ಕಲಿಸುತ್ತಿದ್ದಾರೆ. ನಿನಗೆ ಅಂತ ಬೇರೆ ಇಟ್ಟಿದ್ದ ಆ ಕಿಟಕಿ ಮೇಲಿನ ಸ್ಟೀಲ್ ಲೋಟ ನೆನಪಿದೆಯಲ್ಲ? ನೇತ್ರಾವತಿ ಗೊತ್ತಿಲ್ಲದೆ ಅದನ್ನೇ ಆಸ್ಪತ್ರೆ ಬ್ಯಾಗಿಗೆ ಹಾಕಿದ್ದಾಳೆ. ಯಾರ ಎಂಜಲನ್ನೂ ಮುಟ್ಟದ ಕಂಡಕ್ಟರು ಈಗ ಅದರಲ್ಲೇ, ಗದ್ದ ಎದೆಗೆ ತಾಗಿಸಿ, ಅಂಚು ಕಚ್ಚಿ ಕುಡಿಯುತ್ತಾರೆ. ನಾನೂ ಅದರಲ್ಲೇ ಕಾಫಿ ಕುಡಿದೆ.

ಬಾ ಅಂತ ಕರೆಯುವ ಮುಖ ನನಗಿಲ್ಲ. ಬಂದರೆ ಅವರಿಗೆ ಬಾ. ಬರದಿದ್ದರೂ ಸರಿ, ನಿನ್ನ ಹೆಸರು ಆ ಆಫೀಸಿನಲ್ಲಿ ಮೊದಲಿದ್ದ ಜಾಗಕ್ಕೆ ಬರಬೇಕು. ನಿಮ್ಮ ತಾಯಿ ಮಸ್ತಾನ್ ಬೀ ಅವರಿಗೆ ಈ ಕಾಗದ ಓದಿ ಹೇಳು. ಅವರು ನನ್ನನ್ನು ಬೈದದ್ದನ್ನೆಲ್ಲ ಒಂದೂ ಬಿಡದೆ ಬರೆದು ಕಳಿಸು.

ಇಂತಿ,
ನಿನ್ನ ಹೆಸರನ್ನು ತಡವಾಗಿ ಕಲಿತ
ಚಿಕ್ಕಗಂಗಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ರುಜು ಹಾಕಿದ ಮೇಲೆ ನಿನ್ನ ಪುಸ್ತಕದ ಮಿಕ್ಕ ಪುಟಗಳನ್ನೂ ತಿರುವಿದೆ. ಮೂರು ಸಲ ಅಂತ ಮೇಲೆ ಬರೆದಿದ್ದೇನೆ, ಸುಳ್ಳು. ಕಾಲರ್ ಒದ್ದೆ ಅಂತ ಅರವತ್ತೊಂದು ಕಡೆ ಇದೆ. ನೀನು ನಮಾಜಿಗೆ ಕುಳಿತ ಪ್ರತಿ ಮಧ್ಯಾಹ್ನ ಕೊಟ್ಟಿದ್ದೇನೆ. ಇನ್ನು, ನೀನು ತಿಮ್ಮೇಶನಿಗೆ ಹೇಳುತ್ತೇನೆ ಅಂದ ದಿನ ನಾನು ಅಂದದ್ದು ಇದು: "ಹೇಳಿ ನೋಡು, ನನ್ನ ಬೆಂಡೋಲೆ ಕದ್ದವ್ಳೆ ಅಂತ ನಾನೂ ಹೇಳ್ತೀನಿ. ನಿನ್ನ ಮಾತು ನಂಬ್ತಾರೋ ನನ್ನ ಮಾತು ನಂಬ್ತಾರೋ ನೋಡಾಣ." ಬೆಂಡೋಲೆ ಆಗಲೂ ನನ್ನ ಕಿವಿಯಲ್ಲೇ ಇತ್ತು, ಈಗಲೂ ಇದೆ.

ಲಕೋಟೆಗೆ ಅಂಟು ಹಾಕಿಲ್ಲ, ಒಳಗೆ ನಿನ್ನ ಪುಸ್ತಕವೂ ಇದೆ. ಆ ಹುಡುಗಿ ಬಿಟ್ಟುಹೋದ ಸ್ವೆಟರು ಕೊಟ್ಟು ಬಾ ಅಂತ ತಿಮ್ಮೇಶನನ್ನು ನಿಮ್ಮೂರಿನ ಬಸ್ಸಿಗೆ ಹತ್ತಿಸುತ್ತಿದ್ದೇನೆ. ಅವನಿಗೆ ಮುಖ ನೋಡಿ ಹೇಳುವ ಧೈರ್ಯ ನನಗೆ ಬರಲಿಲ್ಲ. ತೆರೆದ ಲಕೋಟೆ ಸಿಕ್ಕರೆ ಓದದೆ ಬಿಡುವವನಲ್ಲ ಅವನು, ಹೆತ್ತವಳಿಗೆ ಗೊತ್ತು.

ಏನ್ಲಾ ತಿಮ್ಮೇಶ, ಇಲ್ಲಿಯ ತನಕ ಓದಿದ್ದರೆ ಬಸ್ಸು ಹೆಬ್ಬೂರಿನ ಹತ್ತಿರ ಇರುತ್ತದೆ. ಇಳಿದು ನನ್ನ ಜೊತೆ ಜಗಳಕ್ಕೆ ವಾಪಸ್ ಬರಬೇಡ. ನಾನು ಎಲ್ಲಿಗೂ ಹೋಗುವುದಿಲ್ಲ, ನಿಮ್ಮಪ್ಪನ ಗದ್ದ ಹಿಡಿದು ಇಲ್ಲೇ ಕುಳಿತಿರುತ್ತೇನೆ. ನೀನು ಕುಣಿಗಲ್‌ಗೆ ಹೋಗು.