ಬೇವಿನ ಕೆಳಗಿನ ಬಿಳಿ ಹರಳು

ಜನವರಿ 25, ಭಾನುವಾರ

ಇವತ್ತೂ ಬೇವಿನೆಲೆ. ಗುಡಿಸಿ ಒಳಗೆ ಬರುವಷ್ಟರಲ್ಲಿ ಮತ್ತೆ ಅಂಗಳ ತುಂಬ. ಸೊಂಟ ಬಗ್ಗುವುದಿಲ್ಲ. ತಂಗಿಯ ಮಗ ಸೊಹೇಲ್ ಸೂಪರ್ ಮಾರ್ಕೆಟ್‌ನಿಂದ ಬ್ಯಾಟರಿಯ ಮಷೀನು ತಂದ. ಊದಿ ಎಲೆ ಗುಡ್ಡೆ ಹಾಕುತ್ತದೆ. ಮೂತಿ ಬದಲಿಸಿದರೆ ಎಳೆದುಕೊಂಡು, ಪುಡಿ ಮಾಡಿ ಚೀಲಕ್ಕೆ ತುಂಬುತ್ತದೆ.

“ಮಾಮೂ, ಕಲ್ಲಿದ್ದ ಕಡೆ ಒಯ್ಯಬ್ಯಾಡ್ರಿ, ಒಳಗಿನ ಪಂಖಾ ಮುರಿತದ.”

ಲತೀಫಾ ಬಾಗಿಲಲ್ಲಿ ನಿಂತು ನಕ್ಕಳು. “ಬೋರ್ಡ್ ಪೇಂಟರ್ ಸಾಹೇಬ್ರು ಈಗ ಹವಾ ಹೊಡಿಯಾಕತ್ತಾರ ನೋಡು.” ಎಷ್ಟು ದಿನವಾಗಿತ್ತು, ನನ್ನ ಹೆಂಡತಿ ಹೀಗೆ ನಕ್ಕು. ಪುಡಿಯನ್ನು ತನ್ನ ಗುಲಾಬಿ ಬುಡಕ್ಕೆ ಸುರಿದುಕೊಂಡಳು.

ಫೆಬ್ರವರಿ 2

ನಾಳೆ ಶಬೇ ಬರಾತ್, ತೀರಿಕೊಂಡವರನ್ನು ನೆನೆಯುವ ದಿನ. ನಮ್ಮೂರು ಕಮಲಾಪುರದ ಖಬರಸ್ತಾನಕ್ಕೆ ಹೋಗಬೇಕು. ಕಲಬುರಗಿಗೆ ಬಂದ ಮೇಲೂ ತಪ್ಪಿಸಿಲ್ಲ. ಅಲ್ಲಿ ಅಬ್ಬಾ ಇದ್ದಾರೆ. ನಮ್ಮ ಮಗಳೂ — ನಲವತ್ತು ವರ್ಷದಿಂದ. ಹೆಸರಿಡುವ ಮುಂಚೆಯೇ ಹೋದಳು. ಊರಿಗೆಲ್ಲ ಹೆಸರು ಬರೆದವನು ನಾನು...

ಅಲ್ಲಿಯ ಬೇವಿನ ಮರದ ಕೆಳಗೆ ಅವಳ ಮಣ್ಣಿನ ದಿಬ್ಬ ಎಂದೋ ಸವೆದು ನೆಲವಾಗಿದೆ. ಗುರುತಿಗೆ ಉಳಿದದ್ದು ಲತೀಫಾ ಅಂದು ಆರಿಸಿ ಕೊಟ್ಟ ಬಿಳಿ ಹರಳುಗಳು, ಗೋಲಿಯಷ್ಟಷ್ಟು. ನಮ್ಮಲ್ಲಿ ಹೆಂಗಸರು ಒಳಗೆ ಬರುವುದಿಲ್ಲ. ಹೂವು ನನ್ನ ಕೈಗಿತ್ತು ಗೋಡೆಯಾಚೆ ನಿಲ್ಲುತ್ತಾಳೆ. ಜಾಗ ಬಲ್ಲವನು ನಾನೊಬ್ಬನೇ.

ಪ್ರತಿ ವರ್ಷ ಕೈಯಿಂದಲೇ ಎಲೆ ಸರಿಸುತ್ತಿದ್ದೆ. ಈ ಸಲ ಮಷೀನು ಒಯ್ಯುತ್ತೇನೆ.

ಫೆಬ್ರವರಿ 3, ಸಂಜೆ

ಅಬ್ಬಾರ ಗೋರಿ ಗಳಿಗೆಯಲ್ಲಿ ಸ್ವಚ್ಛ. ಜನ ನೋಡುತ್ತಿದ್ದರು. ಗೋರಿ ತೋಡುವ ಮಲಂಗಸಾಬ ಕೂಗಿದ, “ನಬಿಸಾಬ್, ಈ ಸಪ್ಪಳಕ್ಕ ಮಲಗಿದವ್ರು ಎದ್ದು ಕೂಡ್ತಾರೋ!” ನಾನೂ ನಕ್ಕೆ. ನಗುತ್ತಲೇ ಬೇವಿನ ಕೆಳಗೆ ಊದಿದೆ. ಮೂತಿ ಬದಲಿಸಿದೆ, ಎಳೆದೆ.

ಕಟಕಟ ಕಟಕಟ.

ನಿಲ್ಲಿಸುವಷ್ಟರಲ್ಲಿ ಮುಗಿದಿತ್ತು. ಎಲ್ಲ ಕಡೆ ಒಂದೇ ನೆಲ. ಬೇರಿನ ಈಚೆಗೋ, ಆಚೆಗೋ? ಮೊಣಕಾಲೂರಿ ಕೈಯಾಡಿಸಿದೆ. ಒಂದು ಹರಳೂ ಇಲ್ಲ.

ಗೋಡೆಯಾಚೆಯಿಂದ ಲತೀಫಾ, “ಹೂವು ಏರಿಸಿದ್ರೇನ್ರೀ?”

“ಏರಿಸಿದೆ.”

“ಬಿಸಲಾಗೋ, ನೆಳ್ಳಾಗೋ?”

“ನೆಳ್ಳಾಗ.”

ಅಂದಾಜಿನ ಮೇಲೆ ಇಟ್ಟಿದ್ದೆ.

ಫೆಬ್ರವರಿ 4

ರೋಜಾ ಇದ್ದೆ, ಇಡೀ ದಿನ ಉಪವಾಸ. ಚೀಲ ಬಿಚ್ಚಲಿಲ್ಲ.

ಫೆಬ್ರವರಿ 8, ಭಾನುವಾರ

ಸೊಹೇಲ್ ಬಂದು ನೋಡಿದ. “ಪಂಖಾ ಮುರದದ ಮಾಮೂ. ಕಲ್ಲು ಎಳಕೊಂಡದ. ಚೀಲ ಎಲ್ಲದ?”

ಇರಲಿಲ್ಲ. ಹಿತ್ತಲಿಗೆ ಓಡಿದೆ. ಲತೀಫಾ ಗುಲಾಬಿ ಬುಡದಲ್ಲಿ ಎಲೆಪುಡಿ ಸುರಿದುಕೊಂಡು ಕೂತಿದ್ದಳು. ಸೆರಗಿನಿಂದ ಹರಳು ಒರೆಸುತ್ತಿದ್ದಳು. ಒಂದು ಹರಳು ಎರಡು ಹೋಳಾಗಿತ್ತು — ಹೊಂದಿಸಿ ನೋಡುತ್ತಿದ್ದಳು.

“ಮತ್ತ ಹೂವು ಎಲ್ಲಿಟ್ರಿ?”

“ಅಂದಾಜಿನ ಮ್ಯಾಲ.”

ಬೈಯುತ್ತಾಳೆಂದು ಕಾದೆ. ಹೋಳುಗಳನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತ ಅಂದಳು, “ನಾ ಇಷ್ಟು ವರ್ಷ ಗೋಡಿ ಹೊರಗ ನಿಂತಿದ್ದೂ ಅಂದಾಜಿನ ಮ್ಯಾಲೇ ರೀ.”

ಫೆಬ್ರವರಿ 15

ಹರಳುಗಳು ಈಗ ಗುಲಾಬಿಯ ಸುತ್ತ. ಸೊಹೇಲ್ ರಿಪೇರಿ ಮಾಡಿಸಿ ತಂದ ಮಷೀನು ಅವನ ಮನೆಗೇ ಕಳಿಸಿದೆ. ಬೆಳಿಗ್ಗೆ ಆಕೆ ಒಂದೊಂದೇ ಎಲೆ ಆರಿಸುತ್ತಾಳೆ. ಇವತ್ತು ನಾನೂ ಪಕ್ಕದಲ್ಲಿ ಕೂತೆ.

“ಒಂದು ಹಲಗಿ ಬರದು ಕೊಡ್ತೀರೇನು?”

“ಏನಂತ?”

“ಆಸ್ಫಿಯಾ.”

ಆಕೆಯ ಬಾಯಲ್ಲಿ ಈ ಹೆಸರು ಒಮ್ಮೆಯೂ ಕೇಳಿರಲಿಲ್ಲ. ಮಗಳಿಗೆಂದು ಅಂದೇ ಮನಸ್ಸಿನಲ್ಲಿ ಇಟ್ಟಿದ್ದಳಂತೆ.

ಹಳೆಯ ಬ್ರಷ್ ನೆನೆಹಾಕಿದ್ದೆ. ಹಲಗೆ ತೊಡೆಯ ಮೇಲಿದೆ. ಆಕೆ ನೋಡುತ್ತಾ ನಿಂತಿದ್ದಾಳೆ. ಮೊದಲ ಅಕ್ಷರ ಆಯಿತು; ಅದು ಆರುವವರೆಗೆ ಇದನ್ನು ಬರೆಯುತ್ತಿದ್ದೇನೆ. ಇನ್ನು ಎರಡನೆಯದು.