ಮೂರು ದಿನದೊಳಗೆ ಬರಬೇಕಾದ ಫೋನ್

ಮಾರ್ಚ್ 3, ಬೆಳಿಗ್ಗೆ 9.40
ಗಾಡಿ ಒರೆಸಿದ್ದಾಯಿತು. ನಮ್ಮ ಶೋರೂಮಿನಲ್ಲಿ ಜರ್ಮನ್ ಸೆಡಾನ್, ರಸ್ತೆಯಾಚೆ ಇಟಲಿಯದು. ಹಾವು-ಮುಂಗುಸಿ. ನೂರರ ವೇಗ ಮುಟ್ಟುವುದರಲ್ಲಿ ಅರ್ಧ ಸೆಕೆಂಡಿನ ವ್ಯತ್ಯಾಸಕ್ಕೆ ಕಿತ್ತಾಟ. ಅಲ್ಲಿ ಗಾಜಿನ ಹಿಂದೆ ಅಕ್ಕನೂ ಬಾನೆಟ್ ಒರೆಸುತ್ತಿದ್ದಳು. ಇತ್ತ ತಿರುಗಲೇ ಇಲ್ಲ. ಮಾತು ಬಿಟ್ಟು ಹದಿನಾಲ್ಕು ತಿಂಗಳು. ಅವಳ ಗಿರಾಕಿಯಾಗಿದ್ದ ಆ ಡಾಕ್ಟರಿಗೆ... ಅವಳಿಗೆ ಸುಳಿವೂ ಕೊಡದೆ ನಮ್ಮ ಗಾಡಿ ಮಾರಿಬಿಟ್ಟೆ. ತಿಂಗಳ ಟಾರ್ಗೆಟ್ ಅಂತೆ. ಅದಕ್ಕಿಷ್ಟು ಬೆಂಕಿ ಬೀಳಲಿ!

ಮಾರ್ಚ್ 5
ಹೊಸ ಮ್ಯಾನೇಜರ್ ಕರೆದರು. “ಎದುರಿನವರದ್ದು ಹೊಸ ಮಾಡೆಲ್ ಬಂದಿದೆ. ಗಿರಾಕಿ ಥರ ಹೋಗಿ ಓಡಿಸಿ ನೋಡ್ಕೊಂಡು ಬನ್ನಿ. ನಿಮ್ಮನ್ನ ಅಲ್ಲಿ ಯಾರು ಗುರುತು ಹಿಡೀತಾರೆ?”
ಪಾಪ, ಅವರಿಗೇನು ಗೊತ್ತು. ಬೇಡ ಅನ್ನಬೇಕಿತ್ತು. ಹೂಂ ಅಂದುಬಿಟ್ಟೆ. ಅಕ್ಕನ ಪಕ್ಕ ಕೂರುವ ಆಸೆ, ಇನ್ನೇನು.

ಮಾರ್ಚ್ 6, ಸಂಜೆ
ಇಪ್ಪತ್ತು ನಿಮಿಷ. ಪಕ್ಕದ ಸೀಟಿನಲ್ಲಿ ಅಕ್ಕ.
“ಸ್ಪೋರ್ಟ್ ಮೋಡ್ ಹಾಕಿ ಮೇಡಂ. ಮುಂದೆ ಎಡಕ್ಕೆ ಮೇಡಂ.”
ಮುಖ ಕಂಡೇ ಇಲ್ಲದವಳ ಹಾಗೆ. ಸ್ಟೇರಿಂಗ್ ಮಾತ್ರ... ನಮ್ಮದಕ್ಕಿಂತ ಚುರುಕು. ಹೊಟ್ಟೆ ಉರಿಯಿತು.
“ಗಾಡಿ ಚೆನ್ನಾಗಿದೆ” ಅಂದೆ.
“ಥ್ಯಾಂಕ್ಸ್ ಮೇಡಂ.”
ಅಷ್ಟೇ. ಅಳು ಒತ್ತಿಕೊಂಡು ಬಂತು, ಗೇರ್ ಬದಲಿಸಿದೆ.
ಮ್ಯಾನೇಜರ್ ಹೇಳಿದಂತೆ ಫಾರಂನಲ್ಲಿ ಸುಳ್ಳು ಹೆಸರು. ನಂಬರ್ ಮಾತ್ರ ನನ್ನದೇ ಬರೆದೆ. ಓಡಿಸಿ ಹೋದವರಿಗೆ ಮೂರು ದಿನದೊಳಗೆ ಫೋನ್ ಮಾಡಿ ವಿಚಾರಿಸಬೇಕು — ಎರಡೂ ಶೋರೂಮಿನ ನಿಯಮ. ಅಕ್ಕ ಮಾಡಲೇಬೇಕಲ್ಲ!

ಮಾರ್ಚ್ 7
ಇಲ್ಲ. ಫೋನ್ ಕೈಯಲ್ಲಿಟ್ಟುಕೊಂಡೇ ಊಟ ಮಾಡಿದೆ.

ಮಾರ್ಚ್ 9, ಮಧ್ಯಾಹ್ನ 12.15
ಬಂತು. ಅಕ್ಕ ಅಲ್ಲ, ಅವಳ ಜೊತೆ ಕೆಲಸ ಮಾಡುವಾಕೆ.
“ಟೆಸ್ಟ್ ಡ್ರೈವ್ ಹೇಗಿತ್ತು ಮೇಡಂ? ನಮ್ಮ ಸೀನಿಯರ್ ನಿಮ್ಮನ್ನ ನನಗೆ ಬಿಟ್ಟುಕೊಟ್ಟಿದ್ದಾರೆ.”
ಬಿಟ್ಟುಕೊಟ್ಟಳಾ? ನನ್ನನ್ನೇ? ತಡೆಯಲಾಗಲಿಲ್ಲ.
“ನನಗೆ ಗಾಡಿ ಬೇಡಮ್ಮ. ನಾನು ಅವಳ ತಂಗಿ.”
ಆ ಕಡೆ ಏನೋ ಗುಸುಗುಸು. ಆಮೇಲೆ ಅಕ್ಕನ ದನಿ — “ಕೊಡಿ ಇಲ್ಲಿ.”
“ತಂಗಿಯಂತೆ ತಂಗಿ! ಅವತ್ತು ಒಂದೇ ಒಂದು ಮಾತು ಕೇಳಿದ್ರೆ ಆ ಡಾಕ್ಟರನ್ನ ನಾನೇ ನಿನಗೆ ಕೊಡ್ತಿದ್ನಲ್ಲೇ, ಕೋತಿ!”
“ತಪ್ಪಾಯ್ತು ಅಕ್ಕಾ” ಅಂದೆ. ಕೇಳಿಸಿಕೊಂಡರೆ ತಾನೇ! ಹದಿನಾಲ್ಕು ತಿಂಗಳದ್ದು ಒಟ್ಟಿಗೆ ಬರುತ್ತಿದೆ. ಫೋನ್ ಕಿವಿಗೊತ್ತಿಕೊಂಡೇ ಇದನ್ನು ಗೀಚುತ್ತಿದ್ದೇನೆ. ಬಯ್ಯಿ ಅಕ್ಕಾ. ಇಡಬೇಡ. ಇನ್ನೂ ಬಯ್ಯಿ, ಇನ್ನೂ